ಅಮ್ಮನಿಗೆ ಟಾನಿಕ್ ಬರೆದ ಡಾಕ್ಟರು

ನಮ್ಮ ಡಾಕ್ಟರ ಎಡಹುಬ್ಬಿನ ಕೂದಲು ಉದ್ದಕ್ಕೆ ಬೆಳೆದು ಕನ್ನಡಕದ ಗಾಜಿನ ಮೇಲೆ ಬೀಳುತ್ತಿತ್ತು. ನಾಲಿಗೆ ನೋಡುವಾಗ ಅದನ್ನು ಬೆರಳಿನಿಂದ ಮೇಲೆತ್ತಿ ಹಿಡಿದುಕೊಳ್ಳುತ್ತಿದ್ದರು. ತ್ಯಾಗರಾಜನಗರದ ಮನೆಯ ಮುಂದಿನ ಕೋಣೆಯೇ ಅವರ ಕ್ಲಿನಿಕ್ಕು. ಹೋದ ಹೆಂಗಸರಿಗೆಲ್ಲ ಮೊದಲ ಪ್ರಶ್ನೆ ಒಂದೇ: "ಇವತ್ತು ಏನು ಅಡುಗೆ?" ಎಣ್ಣೆಗಾಯಿ ಎಂದರೆ, "ನಮ್ಮನೆಯವಳಿಗೂ ಸ್ವಲ್ಪ ಹೇಳ್ಕೊಡಿ" ಎಂದು ಒಳಗಿದ್ದ ಹೆಂಡತಿಗೆ ಕೇಳಿಸುವಂತೆ ಹೇಳುವರು.

ನಾನು ಚಿಕ್ಕವಳಿದ್ದಾಗ ಅಮ್ಮ ಆ ಪ್ರಶ್ನೆಗೆ "ಏನೋ ಒಂದು" ಎನ್ನುತ್ತಿದ್ದಳು. ಅಡುಗೆ, ಪಾತ್ರೆ ಮುಗಿಸಿ ಗೋಡೆ ಕಡೆ ತಿರುಗಿ ಮಲಗಿಬಿಡುತ್ತಿದ್ದಳು, ನಿದ್ದೆಯೂ ಬರುತ್ತಿರಲಿಲ್ಲ. ಅಪ್ಪನ ತಾಯಿ ಅವಳನ್ನು ಸೋಮಾರಿ ಎಂದರು. ಬಂದವರೆಲ್ಲ ಅದನ್ನೇ ಅಂದರು. ಡಾಕ್ಟರು "ವೀಕ್ನೆಸ್ಸು" ಎಂದು ಕೆಂಪು ಟಾನಿಕ್ ಬರೆದರು. ವರ್ಷಗಟ್ಟಲೆ ಬರೆದರು.

ಎರಡು ವರ್ಷದ ಹಿಂದೆ ನನಗೂ ಹಾಗೇ ಆಯಿತು. ಹಾಲು ಉಕ್ಕುತ್ತಿದ್ದರೂ ನೋಡುತ್ತ ನಿಂತಿರುತ್ತಿದ್ದೆ. ಟಾನಿಕ್ ಬರೆಸಿಕೊಳ್ಳೋಣವೆಂದು ಹೋದೆ.

"ಏನು ಅಡುಗೆ?"

"ಏನೋ ಒಂದು, ಡಾಕ್ಟ್ರೇ."

ಅವರು ಹುಬ್ಬಿನ ಕೂದಲು ಎತ್ತಿ ಹಿಡಿದು ನನ್ನನ್ನೇ ನೋಡಿದರು. ನಿದ್ದೆ ಹೇಗೆ, ಹಸಿವು ಹೇಗೆ, ಬದುಕೇ ಬೇಡ ಅನ್ನಿಸುತ್ತದೆಯೇ, ಎಷ್ಟು ದಿನದಿಂದ, ಎಲ್ಲ ಕೇಳಿದರು. "ಇದಕ್ಕೆ ಡಿಪ್ರೆಷನ್ ಅಂತಾರಮ್ಮ. ಟಾನಿಕ್ ಬರೆಯಲ್ಲ. ಜಯನಗರದಲ್ಲಿ ಮನೋವೈದ್ಯರಿದ್ದಾರೆ, ನಾನೇ ಫೋನ್ ಮಾಡ್ತೀನಿ, ಹೋಗು." ಆಮೇಲೆ ಮೆಲ್ಲಗೆ, "ನಿಮ್ಮಮ್ಮ ಈಗ ನಿನ್ ಜೊತೇಲೇ ಅಲ್ವಾ?"

ಭಾನುವಾರ ಮನೆಗೇ ಬಂದರು. ಅಮ್ಮ ನೆನೆಸಿದ ಅವರೆಕಾಳು ಹಿತುಕುತ್ತ ಕೂತಿದ್ದಳು.

"ನೋಡಿಮ್ಮ, ಅವತ್ತು ನಿಮಗೆ ವೀಕ್ನೆಸ್ ಅಂದಿದ್ದು ತಪ್ಪು. ನಿಮ್ಮ ಮಗಳಿಗೆ ಬಂದಿರೋ ಡಿಪ್ರೆಷನ್ನೇ ಅದು. ಊಟ ಬಿಟ್ಟು, ಮಾತು ಬಿಟ್ಟು ಆಸ್ಪತ್ರೆ ಸೇರ್ದೋರಿಗೆ ಮಾತ್ರ ಆ ಕಾಯಿಲೆ ಅಂದ್ಕೊಂಡಿದ್ವಿ. ಅಡುಗೆ ಮಾಡ್ಕೊಂಡು ಓಡಾಡೋರಿಗೆ ನರದ ವೀಕ್ನೆಸ್ಸು, ಆಮೇಲಾಮೇಲೆ ಟೆನ್ಷನ್ನು ಅಂತ ಬರೀತಿದ್ವಿ. ಈಗ ಎರಡು ವಾರ ಮನಸ್ಸು ಕುಗ್ಗಿದ್ರೂ, ಯಾವುದ್ರಲ್ಲೂ ಆಸೆ ಇಲ್ದಿದ್ರೂ ಕೂರಿಸಿ ಕೇಳ್ತೀವಿ. ನಿಮ್ಮನ್ನ ನಾನು ಕೇಳಲೇ ಇಲ್ಲ."

ಅಮ್ಮನ ಕೈ ನಿಂತಿತು. "ಹಾಗಾದ್ರೆ ನಾನು ಸೋಮಾರಿ ಆಗಿರ್ಲಿಲ್ವಾ, ಡಾಕ್ಟ್ರೇ?"

"ಇಲ್ಲಮ್ಮ. ಕಾಯಿಲೆ ಇಟ್ಕೊಂಡೇ ಮನೆ ನಡೆಸಿದ್ರಿ."

ಅಮ್ಮ ಮತ್ತೆ ಕಾಳಿಗೆ ಕೈ ಹಾಕಿದಳು. "ಊಟ ಮಾಡ್ಕೊಂಡೇ ಹೋಗ್ಬೇಕು. ಹಿತಕಿದಬೇಳೆ ಸಾರು" ಎಂದಳು.

ನಾನು ಚಿಕಿತ್ಸೆ ತೆಗೆದುಕೊಂಡು ಹುಷಾರಾದೆ. ಅದನ್ನು ಕಣ್ಣಾರೆ ನೋಡಿದ ಡಾಕ್ಟರು ಈ ವರ್ಷ ತೀರಿಕೊಂಡರು. ಮಾತಾಡಿಸಲು ಹೋದಾಗ ಅಮ್ಮ ಅವರ ಹೆಂಡತಿಯ ಪಕ್ಕ ಕೂತು ಕೈ ಹಿಡಿದುಕೊಂಡಳು.

"ನಮ್ಮತ್ತೆ ಅಂದ ಒಂದು ಮಾತು ನನ್ ಮೇಲೇ ಇತ್ತು. ನಿಮ್ಮೆಜಮಾನ್ರು ತೆಗೆದುಹಾಕಿ ಹೋದ್ರು" ಎಂದಳು.