ದೊಡ್ಡವ್ವನ ಕಣ್ಣಿನ ಮುತ್ತು

ನಮ್ಮ ದೊಡ್ಡವ್ವನ ಮೇಲೆ ಈಚೆಗೆ ಒಂದು ಭಾರೀ ಆರೋಪ ಬಂತು. ‘ಕಂಡೂ ಕಾಣದ ಹಾಗೆ ಹೋದಳು!’

ಆರೋಪ ಹೊರಿಸಿದಾಕೆ ಮನೋಳಿಯ ಖಾತೂನಬಿ. ದೊಡ್ಡವ್ವನ ತವರೂ ಮನೋಳಿಯೇ. ಇಬ್ಬರೂ ಮಲಪ್ರಭೆಯ ದಂಡೆಯಲ್ಲಿ ಒಟ್ಟಿಗೆ ಬಟ್ಟೆ ಒಗೆದು ಬೆಳೆದವರು. ದೊಡ್ಡವ್ವ ಮದುವೆಯಾಗಿ ದೊಡವಾಡಕ್ಕೆ ಬಂದ ಮೇಲೂ ಗೆಳೆತನ ಸವೆದಿರಲಿಲ್ಲ. ಅಂಥದ್ದರಲ್ಲಿ, ಸವದತ್ತಿ ಬಸ್‌ಸ್ಟ್ಯಾಂಡಿನಲ್ಲಿ ಖಾತೂನಬಿ ಎದುರೇ ನಿಂತು ನಕ್ಕರೆ, ದೊಡ್ಡವ್ವ ಸುಮ್ಮನೆ ದಾಟಿ ಹೋಗಿ ಬಸ್ ಹತ್ತಿಬಿಟ್ಟಳಂತೆ. ಅಂದಿನಿಂದ ಫೋನ್ ಬಂದ್.

“ಆಕಿ ಅಲ್ಲಿದ್ಲು ಅನ್ನೂದ ನನಗ ಗೊತ್ತಿಲ್ಲೋ ತಮ್ಮಾ,” ಎಂದು ದೊಡ್ಡವ್ವ ಕಣ್ಣೊರೆಸಿಕೊಂಡಳು. (ದೊಡ್ಡವ್ವ ಅಳುವುದನ್ನು ನಾನು ನೋಡಿದ್ದು ಕಡಿಮೆ. ಅಳಿಸುವುದನ್ನು ನೋಡಿದ್ದೇ ಹೆಚ್ಚು.)

ನನಗೆ ಡೌಟ್ ಬಂತು. ಬೈಲಹೊಂಗಲಕ್ಕೆ, ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಡಾಕ್ಟರಮ್ಮ ಲೈಟು ಬಿಟ್ಟು ನೋಡಿದರು. “ಕ್ಯಾಟರ್ಯಾಕ್ಟ್ ಆಗೇತ್ರಿ ಅಜ್ಜಿ. ಅಂದ್ರ ಮೋತಿಬಿಂದು. ಆಪರೇಷನ್ ಮಾಡಬೇಕ್ರಿ.”

“ಮೋತಿ ಅಂದ್ರ ಮುತ್ತಲ್ಲೇನ್ರಿ ಬಾಯಾರ? ಇದ್ರ ಇರಲಿ ಬಿಡ್ರಿ. ಹಣ್ಣಾಗಲಿ, ಆಮ್ಯಾಲೆ ನೋಡೂಣು.”

“ಹಣ್ಣಾಗೂತನಕ ಕಾಯಬಾರದ್ರಿ. ತ್ರಾಸ ಹೆಚ್ಚಾಗತೈತಿ.”

ಅಷ್ಟರಲ್ಲಿ ದೊಡ್ಡವ್ವ ಬಾಗಿಲು ದಾಟಿಯಾಗಿತ್ತು!

ತಪ್ಪು ಯಾರದು? ಮಬ್ಬಾಗುವ ಕಣ್ಣಿಗೆ ಮುತ್ತಿನ ಹನಿ ಎಂದು ಚೆಂದದ ಹೆಸರಿಟ್ಟರೆ ಯಾರು ತಾನೇ ಬಿಟ್ಟುಕೊಟ್ಟಾರು?

ವಾಪಸ್ ಬರುವಾಗ ಬಸ್ಸಿನಲ್ಲಿ ಮೊಬೈಲ್ ತೆಗೆದು ಹುಡುಕಿದೆ. ಕ್ಯಾಟರ್ಯಾಕ್ಟ್ ಎಂದರೆ ಮೂಲದಲ್ಲಿ ಜಲಪಾತವಂತೆ. ತಲೆಯೊಳಗಿಂದ ಏನೋ ನೀರು ಇಳಿದು ಬಂದು ಕಣ್ಣಿಗೆ ಅಡ್ಡ ನಿಲ್ಲುತ್ತದೆಂದು ಹಿಂದಿನ ವೈದ್ಯರು ನಂಬಿದ್ದರಂತೆ. ಜೋರಾಗಿ ಓದಿ ಹೇಳಿದೆ.

“ನನ್ನ ಕಣ್ಣಾಗೇನು ಗೋಕಾಕ ಫಾಲ್ಸ್ ಐತೇನೋ?” ಎಂದು ದೊಡ್ಡವ್ವ ರೇಗಿದಳು. ಮುಂದಿನ ಸೀಟಿನವರು ತಿರುಗಿ ನೋಡಿದರು.

“ಪುಸ್ತಕದ ಕನ್ನಡದಾಗ ಇದಕ್ಕ ಪೊರೆ ಅಂತಾರ, ದೊಡ್ಡವ್ವಾ.”

“ಪೊರಿ? ಹಾವಿಂದು ಇರತೈತಲ್ಲ, ಅದು?”

“ಹೂಂ, ಅದ ಶಬ್ದ.”

ದೊಡ್ಡವ್ವ ಕಿಟಕಿಯತ್ತ ಮುಖ ಮಾಡಿ ಕುಳಿತಳು. ಊರು ಹತ್ತಿರವಾದಾಗ ತಾನೇ ಶುರುಮಾಡಿದಳು. “ಪೊರಿ ಬಿಡೂ ಮುಂದ ಹಾವಿನ ಕಣ್ಣ ಮಬ್ಬ ಆಗಿರತಾವ. ಹೊಲದ ಬದುವಿನ ಮ್ಯಾಲೆ ನೋಡೇನಿ. ಯಾರು ಬಂದ್ರು, ಯಾರು ಹೋದ್ರು ಒಂದೂ ತಿಳಿಯೂದಿಲ್ಲ ಅದಕ್ಕ. ಸುಮ್ನ ಬುಸ್ ಅಂತಿರತೈತಿ. ಕಳಚಿದ ಮ್ಯಾಲೆ ನೋಡು, ಸರ್ರ್ ಅಂತ ಹೊಂಟಬಿಡತೈತಿ.”

ದೊಡ್ಡವ್ವ ಕಿಟಕಿಯಿಂದ ನನ್ನ ಕಡೆ ತಿರುಗಿದಳು.

“ಪೊರಿ ಆದ್ರ ತಗಸೂಣು ಬಿಡು,” ಅಂದಳು.

ರೋಗ ಅದೇ, ಕಣ್ಣು ಅದೇ, ಡಾಕ್ಟರೂ ಅವರೇ. ಬದಲಾಗಿದ್ದು ಶಬ್ದ ಒಂದೇ! ಆಸ್ಪತ್ರೆಯ ಗೋಡೆಗಳ ಮೇಲೆ ಇಷ್ಟೊಂದು ಬೋರ್ಡು ಹಾಕುತ್ತೇವೆ. ಓದುವವರ ಅನುಭವಕ್ಕೆ ತಾಕುವ ಒಂದು ಶಬ್ದ ಹುಡುಕಲು ಎಷ್ಟು ತಲೆ ಕೆಡಿಸಿಕೊಳ್ಳುತ್ತೇವೆ?

ಆಪರೇಷನ್ ಚೆನ್ನಾಗಿ ಆಯಿತು. ಓಡಾಡಬಹುದು ಎಂದು ಡಾಕ್ಟರು ಹೇಳಿದ್ದೇ ತಡ, ದೊಡ್ಡವ್ವ ಕಪ್ಪು ಚಷ್ಮಾ ಹಾಕಿಕೊಂಡು ಮನೋಳಿಗೆ ಹೊರಟಳು. ಜೊತೆಗೆ ನಾನು.

ಖಾತೂನಬಿ ಬಾಗಿಲಲ್ಲೇ ನಿಂತು ಕೇಳಿದಳು. “ಈಗ ಕಂಡ್ನ್ಯಾ ನಾ?”

ದೊಡ್ಡವ್ವ ಚಷ್ಮಾ ತೆಗೆದಳು. ಹತ್ತಿರ ಹೋಗಿ ಗೆಳತಿಯ ಮುಖವನ್ನು ದಿಟ್ಟಿಸಿದಳು. “ಅಯ್ಯ, ಎಷ್ಟ ಮುದುಕಿ ಆಗೀಯಬೇ ನೀ!”

ಮುಗಿಯಿತು, ಇನ್ನೊಂದು ಜಗಳ!

“ಇದನ್ನ ನೋಡಾಕ ಆಪರೇಷನ್ ಮಾಡಿಸಿಕೊಂಡ್ಯಾ?” ಎಂದು ಖಾತೂನಬಿ ನಗತೊಡಗಿದಳು. ಇಬ್ಬರೂ ನಕ್ಕೂ ನಕ್ಕೂ ಕಟ್ಟೆಯ ಮೇಲೆ ಕುಸಿದರು. ಆಮೇಲೆ ಖಾತೂನಬಿ ದೊಡ್ಡವ್ವನ ಗದ್ದ ಹಿಡಿದು ಹೊಸ ಕಣ್ಣಿನೊಳಗೆ ಇಣುಕಿದಳು. “ತಡಿ, ಅಳ್ಳಾಡಬ್ಯಾಡ. ಒಳಗ ನಾ ಕಾಣಾಕತ್ತೇನಿ!”

ಕಣ್ಣಿನ ನಡುವಿನ ಆ ಕಪ್ಪನ್ನು ನಾವು ಪಾಪೆ ಎನ್ನುತ್ತೇವೆ. ಪಾಪೆ ಎಂದರೆ ಗೊಂಬೆ. ಇಂಗ್ಲಿಷಿನ ಪ್ಯೂಪಿಲ್ ಕೂಡ ಲ್ಯಾಟಿನ್ನಿನ ಪುಟ್ಟ ಗೊಂಬೆಯೇ. ಎದುರು ಕುಳಿತವರ ಕಣ್ಣಲ್ಲಿ ನಮ್ಮದೇ ಗೊಂಬೆ ಕಾಣುತ್ತದಲ್ಲ, ಅದಕ್ಕೆ.

ಅದು ಕಾಣುವಷ್ಟು ಹತ್ತಿರ ನೀವು ಯಾರ ಜೊತೆಗಾದರೂ ಕುಳಿತು ಎಷ್ಟು ದಿನವಾಯಿತು?