ಮುಯ್ಯಿಗೆ ಗುಡಿಸಿದ ಬೀದಿ

ಈ ಬೆಳಿಗ್ಗೆ ಗಾಳಿ ಎದ್ದಿದೆ. ಮಳೆಯಾದರೆ ಕಸ ಒದ್ದೆಯಾಗಿ ಇದ್ದಲ್ಲೇ ಅಂಟಿಕೊಂಡಿರುತ್ತದೆ, ಬಿಸಿಲಾದರೆ ತೆಪ್ಪಗೆ ಬಿದ್ದಿರುತ್ತದೆ. ಗಾಳಿಯೊಂದೇ ಬೀದಿ ಗುಡಿಸುವವರ ಹುಟ್ಟಾ ವೈರಿ. ಐದು ಗಂಟೆಯ ಮಬ್ಬಿನಲ್ಲಿ, ಮಾರುಕಟ್ಟೆಯ ಹಿಂಬದಿಯ ಬೀದಿಯಲ್ಲಿ, ದೊಡ್ಡಕ್ಕ ಗುಡ್ಡೆ ಮಾಡಿದ ಕಾಗದ, ಎಲೆ, ಪ್ಲಾಸ್ಟಿಕ್ಕು ಅವರ ಕಾಲಡಿಯಿಂದಲೇ ನುಸುಳಿ ಹಿಂದಕ್ಕೆ ಓಡುತ್ತಿವೆ. ಅವರು ಬೈಯುವುದಿಲ್ಲ. ಪೊರಕೆಯ ಬುಡವನ್ನು ನೆಲಕ್ಕೆ ಕುಟ್ಟಿ ಕಡ್ಡಿ ಬಿಗಿ ಮಾಡಿಕೊಂಡು ಮೊದಲಿನಿಂದ ಶುರುಮಾಡುತ್ತಾರೆ.

"ಅದರ ಕೆಲಸ ಅದು ಮಾಡುತ್ತೆ, ನನ್ನದು ನಾನು" ಎನ್ನುತ್ತಾರೆ.

ಇವತ್ತು ಎಂಟಕ್ಕೆ ನಗರಸಭೆಯ ಕಚೇರಿಯಲ್ಲಿ ಅವರ ಮೇಲೆ ವಿಚಾರಣೆ ಇದೆ. ಏಳೂವರೆಯೊಳಗೆ ಬೀದಿ ಮುಗಿಯಬೇಕು. ಈ ಗಾಳಿಯಲ್ಲಿ ಮುಗಿಯುವ ಹಾಗಿಲ್ಲ.

ದೊಡ್ಡಕ್ಕನಿಗೆ ಐವತ್ತೊಂಬತ್ತು. ನಿವೃತ್ತಿಗೆ ಹನ್ನೊಂದು ತಿಂಗಳು ಬಾಕಿ. ಬೀದಿ ಅವರ ನಡಿಗೆಯಲ್ಲಿ ಏಳುನೂರ ನಲವತ್ತು ಹೆಜ್ಜೆ, ಎರಡೂ ಬದಿಗೆ ಚರಂಡಿ, ದಿನಕ್ಕೆ ನಾಲ್ಕು ತಳ್ಳುಗಾಡಿ ಕಸ. ಒಂದು ಪೊರಕೆ ಹದಿನೆಂಟು ದಿನಕ್ಕೆ ಸವೆಯುತ್ತದೆ, ಕಚೇರಿ ಕೊಡುವುದು ತಿಂಗಳಿಗೊಂದು. ಉಳಿದ ಹನ್ನೆರಡು ದಿನಕ್ಕೆ? "ಸವೆದ ಎರಡನ್ನ ಸೇರಿಸಿ ಒಂದು ಕಟ್ಟಿಕೊಳ್ತೀವಿ. ಮುದುಕ ಮುದುಕಿ ಸೇರಿ ಸಂಸಾರ ಮಾಡಿದ ಹಾಗೆ." ಮೂವತ್ತೈದು ವರ್ಷದಲ್ಲಿ ಅವರ ಬಲಭುಜ ಎಡಕ್ಕಿಂತ ಎರಡು ಬೆರಳು ತಗ್ಗಿದೆ. ಮನೆಯೆಂದರೆ ಒಂದೇ ಕೋಣೆ, ಒಂದು ಕಿಟಕಿ, ಕಿಟಕಿಯ ಪಕ್ಕದಲ್ಲಿ ಹಾಸಿಗೆ ಹಿಡಿದ ತಂಗಿ. ಬರಲಿರುವ ಪಿಂಚಣಿಯೇ ಇಬ್ಬರ ಮುಂದಿನ ಅನ್ನ.

ಇಪ್ಪತ್ತಾರು ವರ್ಷದ ಹಿಂದೆ ಈ ಊರಿನಲ್ಲಿ ಬೀದಿ ಗುಡಿಸುವ ಹೆಂಗಸರಿಗೆ ರಜೆ ಎಂಬುದೇ ಇರಲಿಲ್ಲ. ಬಾರದವಳ ಜಾಗಕ್ಕೆ ಮರುದಿನ ಬೇರೊಬ್ಬಳು. "ನಮ್ಮಲ್ಲೊಬ್ಬಳು ಹೆತ್ತ ನಾಲ್ಕನೇ ದಿನಕ್ಕೆ ಬಂದು ಪೊರಕೆ ಹಿಡಿದ್ಲು. ನಿಂತಲ್ಲೇ ಕುಸಿದ್ಲು. ಆವತ್ತು ಹನ್ನೊಂದು ಜನ ಕಸದ ಗಾಡಿ ಮರೆಯಲ್ಲಿ ಕೂತು ಮಾತಾಡ್ಕೊಂಡ್ವಿ. ಇವಳ ಬೀದಿ ನಾವು ಗುಡಿಸೋಣ, ನಾಳೆ ನಮಗೆ ಆಪತ್ತು ಬಂದ್ರೆ ನಮ್ಮದನ್ನ ಇವಳು ಗುಡಿಸ್ಲಿ, ಅಂತ" ಎನ್ನುತ್ತಾರೆ ದೊಡ್ಡಕ್ಕ.

ದುಡಿಮೆಯನ್ನು ದುಡಿಮೆಯಲ್ಲೇ ತೀರಿಸುವ ಈ ಏರ್ಪಾಟಿಗೆ ಅವರು ಮುಯ್ಯಿ ಎಂದರು. ಯಾರೂ ಬರೆದಿಡಲಿಲ್ಲ, ಯಾರೂ ಮರೆಯಲಿಲ್ಲ. ಆ ಹನ್ನೊಂದು ಜನರೇ ಮುಂದೆ ಸಂಘವಾದರು. ಹೆರಿಗೆ ರಜೆ, ವಾರದ ರಜೆ, ಕೈಗವಸು, ಬಟ್ಟೆ ಬದಲಿಸಲು ಒಂದು ಕೋಣೆ ಎಲ್ಲ ಒಂದೊಂದಾಗಿ ಬಂದವು. ಮಾರುಕಟ್ಟೆಯಲ್ಲಿ ಹೆಂಗಸರಿಗೊಂದು ಶೌಚಾಲಯ ಕಟ್ಟಿಸಲು ಒಂಬತ್ತು ದಿನ ಕಚೇರಿಯ ಮೆಟ್ಟಿಲ ಮೇಲೆ ಕೂತರು. ಇವತ್ತು ತರಕಾರಿ ಮಾರುವವರು, ಶಾಲೆಯ ಹುಡುಗಿಯರು, ಬಸ್ಸಿಳಿದು ಬಂದವರು ದಿನಕ್ಕೆ ನಾನ್ನೂರು ಜನ ಅಲ್ಲಿಗೆ ಹೋಗುತ್ತಾರೆ. ಗೋಡೆಯ ಕಲ್ಲಿನಲ್ಲಿ ಆರು ಹೆಸರುಗಳಿವೆ. ಐದು ಗಂಡಸರವು. ಆರನೆಯದು ಸಂಘದ ಈಗಿನ ಅಧ್ಯಕ್ಷೆಯದು.

ಅಧ್ಯಕ್ಷೆ ನಿವೃತ್ತ ಅಧಿಕಾರಿಯೊಬ್ಬರ ಹೆಂಡತಿ. ಅರ್ಜಿ ಬರೆಯಲು ಓದಿದವರು ಬೇಕೆಂದು ಹನ್ನೊಂದು ಜನರೇ ಕರೆದು ಕೂರಿಸಿದ್ದು. ಈಗ ಸಂಘದ ಕೋಣೆಯಲ್ಲಿ ಅವರಿಗೆ ಬಂದ ಪ್ರಶಸ್ತಿಗಳಿಗೆ ಗಾಜಿನ ಕಪಾಟಿದೆ. ಆ ಗಾಜನ್ನು ವಾರಕ್ಕೊಮ್ಮೆ ಒರೆಸುವವರು ದೊಡ್ಡಕ್ಕ.

ವಿಚಾರಣೆಗೆ ಕಾರಣ ಪಕ್ಕದ ಬೀದಿಯ ಗುಬ್ಬಿ. ಆಳು ಸಣ್ಣಗಿರುವುದಕ್ಕೆ ಆ ಹೆಸರು. ಅವಳು ಕಾಯಂ ಅಲ್ಲ, ಗುತ್ತಿಗೆಯವಳು. ಸಂಘ ತಂದ ಯಾವ ರಜೆಯೂ ಅವಳಿಗಿಲ್ಲ. ಕಳೆದ ತಿಂಗಳು ಮಗುವಿಗೆ ಜ್ವರ ನೆತ್ತಿಗೇರಿದಾಗ, ಹಾಜರಿ ಯಂತ್ರಕ್ಕೆ ಬೆರಳೊತ್ತಿ ಆಸ್ಪತ್ರೆಗೆ ಓಡಿದಳು. ಅವಳ ಬೀದಿಯನ್ನೂ ದೊಡ್ಡಕ್ಕ ಗುಡಿಸಿದರು. ಮೇಸ್ತ್ರಿ ಬಂದು "ಇಲ್ಲೇನು ಮಾಡ್ತಿದೀರಿ?" ಎಂದಾಗ, ಏನಾದರೊಂದು ಸುಳ್ಳು ಹೇಳಿ ಸಾಗಹಾಕಬಹುದಿತ್ತು. ದೊಡ್ಡಕ್ಕ ಸೊಂಟ ನೆಟ್ಟಗೆ ಮಾಡಿ ಹೇಳಿದರು: "ಗುಬ್ಬಿಗೆ ಮುಯ್ಯಿ ಗುಡಿಸ್ತಿದೀನಿ. ನಮ್ಮ ಸಂಘ ಶುರುವಾದಾಗಿಂದ ಇದೆ."

ಹೆಮ್ಮೆಯಿಂದ ಆಡಿದ ಆ ಮಾತೇ ಸಾಕ್ಷಿಯಾಯಿತು. ಸುಳ್ಳು ಹಾಜರಿಗೆ ಕುಮ್ಮಕ್ಕು ಎಂದು ನೋಟಿಸು ಬಂತು. ಅಂದಿನಿಂದ ಗುಬ್ಬಿ ಎದುರಾದರೆ ರಸ್ತೆ ದಾಟಿಬಿಡುತ್ತಾಳೆ. "ಹೆದರಿದವರ ಮೇಲೆ ಏನು ಕೋಪ" ಎನ್ನುತ್ತಾರೆ ದೊಡ್ಡಕ್ಕ. ಹೇಳುವಾಗ ಮುಖ ಮಾತ್ರ ಬೇರೆ ಕಡೆ ತಿರುಗಿರುತ್ತದೆ.

ಏಳೂವರೆಗೆ ಬೀದಿ ಅರ್ಧವೂ ಆಗಿಲ್ಲ. ಪೊರಕೆಯನ್ನು ಗಾಡಿಗೆ ಒರಗಿಸಿ, ಕೈಕಾಲು ತೊಳೆದು, ದೇವರನ್ನು ನೆನೆದು ಅವರು ಕಚೇರಿಗೆ ನಡೆಯುತ್ತಾರೆ.

ಅಧಿಕಾರಿ ಸಭ್ಯರು, ಕುರ್ಚಿ ಕೊಡಿಸುತ್ತಾರೆ. ಪಕ್ಕದಲ್ಲಿ ಅಧ್ಯಕ್ಷೆ. ಮೇಜಿನ ಮೇಲೆ ಟೈಪು ಮಾಡಿದ ಒಂದು ಹಾಳೆ. ಸಂಘದಲ್ಲಿ ಇಂಥ ಪದ್ಧತಿ ಎಂದೂ ಇರಲಿಲ್ಲ, ಗುತ್ತಿಗೆಯ ಆ ಹೆಂಗಸು ದೊಡ್ಡಕ್ಕನನ್ನು ನಂಬಿಸಿ ಮೋಸ ಮಾಡಿದಳು ಎಂದು ಅದರಲ್ಲಿದೆ. ಸಹಿ ಹಾಕಿದರೆ ದೊಡ್ಡಕ್ಕನಿಗೆ ಎಚ್ಚರಿಕೆಯಷ್ಟೇ. ಗುಬ್ಬಿಯ ಕೆಲಸ ಹೋಗುತ್ತದೆ.

"ಒಂದು ಸಹಿ ದೊಡ್ಡಕ್ಕಾ" ಎನ್ನುತ್ತಾರೆ ಅಧ್ಯಕ್ಷೆ. "ಹನ್ನೊಂದು ತಿಂಗಳು ಕಳೆದ್ರೆ ನೆಮ್ಮದಿಯಾಗಿ ಮನೇಲಿರ್ತೀರಿ."

ದೊಡ್ಡಕ್ಕ ಹಾಳೆಯನ್ನು ಎರಡು ಸಲ ಓದಿಸಿ ಕೇಳುತ್ತಾರೆ. "ಮುಯ್ಯಿ ಇರಲೇ ಇಲ್ಲ ಅಂದ್ರೆ ಸಂಘ ಯಾವುದರಿಂದ ಹುಟ್ಟಿತು ಮೇಡಂ?"

"ಆ ಕಾಲ ಬೇರೆ. ಈಗ ಎಲ್ಲ ಬದಲಾಗಿದೆ."

"ಬದಲಾಗಿದ್ದು ನಿಮಗೆ. ಗುಬ್ಬಿಗೆ ಇನ್ನೂ ಆ ನಾಲ್ಕನೇ ದಿನವೇ ನಡೀತಿದೆ."

ಅಧ್ಯಕ್ಷೆ ಫೋನು ನೋಡಿಕೊಳ್ಳುತ್ತಾರೆ. ಅಧಿಕಾರಿ ಮೆಲ್ಲಗೆ ಹೇಳುತ್ತಾರೆ, "ಸಹಿ ಇಲ್ದಿದ್ರೆ ನಾನು ಮೇಲಕ್ಕೆ ಬರೀಬೇಕಾಗುತ್ತೆ ಅಮ್ಮ. ಪಿಂಚಣಿ ತಡೆದುಬಿಟ್ರೆ ವರ್ಷಗಟ್ಟಲೆ ಅಲೀತೀರಿ."

"ಬರೀರಿ ಸಾರ್. ಹನ್ನೊಂದು ಜನದಲ್ಲಿ ನಾಲ್ವರು ಹೋಗಿಬಿಟ್ರು. ನಾಳೆ ದೇವರ ಹತ್ರ ಅವರು ಸಿಕ್ಕಿ, ನಾವು ಮಾಡಿದ್ದನ್ನೇ ಇಲ್ಲ ಅಂದ್ಯಾ ಅಂತ ಕೇಳಿದ್ರೆ ಏನು ಹೇಳ್ಲಿ?"

ಬೆಳಗಿನ ಬೆಳಕನ್ನು ದೇವರು ಕಾಯಂ ಬೀದಿಗೂ ಗುತ್ತಿಗೆ ಬೀದಿಗೂ ಒಂದೇ ಸಮ ಸುರಿಯುತ್ತಾನೆ. ಕಚೇರಿಗೆ ಆ ಅಭ್ಯಾಸವಿಲ್ಲ. ಹಾಳೆಗೆ ಸಹಿ ಬೀಳುವುದಿಲ್ಲ. ಅಧಿಕಾರಿ ಕಡತಕ್ಕೆ ಏನೋ ಬರೆದುಕೊಳ್ಳುತ್ತಾರೆ. ಇಷ್ಟು ವರ್ಷ ತಮ್ಮ ಕಪಾಟಿನ ಗಾಜು ಒರೆಸಿಸಿಕೊಂಡ ಅಧ್ಯಕ್ಷೆ, ದೊಡ್ಡಕ್ಕ ಎದ್ದು ಹೊರಡುವಾಗ ತಲೆಯೆತ್ತುವುದಿಲ್ಲ.

ಹಿಂತಿರುಗುವಾಗ ಒಂಬತ್ತೂವರೆ. ಅರ್ಧ ಬಿಟ್ಟುಹೋದ ಬೀದಿಗೂ ಒಂದು ನೋಟಿಸು ಕಾದಿರುತ್ತದೆಂದು ಎಣಿಸಿಕೊಂಡೇ ಅವರು ತಿರುವು ದಾಟುತ್ತಾರೆ. ಬೀದಿ ಈ ತುದಿಯಿಂದ ಆ ತುದಿಗೆ ಗುಡಿಸಿದೆ. ಕೊನೆಯ ಚರಂಡಿಯ ಬಳಿ ಗುಬ್ಬಿ ಬಗ್ಗಿ ಕೆಸರೆತ್ತುತ್ತಿದ್ದಾಳೆ.

"ನಿನ್ನ ಬೀದಿ?"

"ಮೂರೂವರೆಗೇ ಎದ್ದು ಮುಗಿಸ್ದೆ ಅಕ್ಕಾ."

"ಮೇಸ್ತ್ರಿ ನೋಡಿದ್ರಾ?"

"ನೋಡಿದ್ರು. ಮುಯ್ಯಿ ತೀರಿಸ್ತಿದೀನಿ, ಬರ್ಕೊಳ್ಳಿ ಅಂದೆ."

ಕಚೇರಿಯಲ್ಲಿ ಏನಾಯಿತೆಂದು ಅವಳು ಕೇಳುವುದಿಲ್ಲ. ಕೊನೆಯ ಬುಟ್ಟಿ ಕೆಸರನ್ನು ಗಾಡಿಗೆ ಸುರಿದು, ಕೈ ಒರೆಸಿಕೊಂಡು, ದೊಡ್ಡಕ್ಕನ ಪೊರಕೆಯನ್ನು ಅವರ ಕೈಗೆ ಕೊಟ್ಟು ತನ್ನ ಬೀದಿಯ ಕಡೆ ನಡೆಯುತ್ತಾಳೆ.