ರೆಕ್ಕೆಯ ಮೇಲಿನ ಗಂಧ

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಅವತ್ತು ಮೆಲ್ಬರ್ನ್‌ನ ವಿಂಡ್ ಟನಲ್ ಎಂಬ ಗಾಳಿ ಪರೀಕ್ಷೆಯ ಸುರಂಗದ ಪಕ್ಕದ ಕಂಟ್ರೋಲ್ ರೂಮಿನಲ್ಲಿ ಅದನ್ನು ನುಂಗಿಕೊಂಡು ಕೂತಿದ್ದೆ. ಒಳಗೆ ನಮ್ಮ ಪುಟ್ಟ ವಿಮಾನದ ಬಿಳಿ ಮಾದರಿ ಗಾಳಿಗೆ ಎದುರಾಗಿ ನಿಂತಿತ್ತು. ಗಾಳಿ ಅದನ್ನು ಹಿಂದಕ್ಕೆ ಎಳೆಯುವ ಬಲ, ಅಂದರೆ ಡ್ರ್ಯಾಗ್, ಎಷ್ಟಿರುತ್ತದೆಂದು ನಾನು ಸಿಡ್ನಿಯಲ್ಲಿ ತಿಂಗಳುಗಟ್ಟಲೆ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿದ್ದೆ. ಟನಲ್ ತೋರಿಸಿದ್ದು ಅದಕ್ಕಿಂತ ತುಂಬಾ ಹೆಚ್ಚು.

ರೆಕ್ಕೆಯ ಮೇಲೆ ಗಾಳಿ ಬಹುದೂರ ನಯವಾಗಿ ಹರಿಯುತ್ತದೆ ಎಂಬುದೇ ನನ್ನ ಲೆಕ್ಕದ ಜೀವ. ಅದು ಸುಳ್ಳಾದರೆ ನಮಗೆ ಈ ಕೆಲಸ ಕೊಟ್ಟ ವಿಮಾನ ಕಂಪನಿಯವರು ಈ ರೆಕ್ಕೆಯನ್ನೇ ಕೈಬಿಡುತ್ತಿದ್ದರು. ನನ್ನ ಕೆಲಸ ಹೋಗುತ್ತಿತ್ತು, ಅದರ ಹಿಂದೆಯೇ ವೀಸಾ. ಪಿಆರ್, ಅಂದರೆ ಇಲ್ಲೇ ಕಾಯಂ ನೆಲೆಸುವ ಅನುಮತಿ, ಬಂದ ಮೇಲೆ ಏನೇನು ಮಾಡಬೇಕೆಂದು ಸಿಡ್ನಿಯ ರೌಸ್ ಹಿಲ್‌ನ ಬಾಡಿಗೆ ಮನೆಯಲ್ಲಿ ನಾನೂ ಗಂಡನೂ ದಿನಾ ಮಾತಾಡುತ್ತಿದ್ದೆವು.

ನನ್ನ ಬಾಸ್ ಉಡುಪಿಯವರು. ಪರೀಕ್ಷೆ ನೋಡಲು ಬಂದಿದ್ದ ವಿಮಾನ ಕಂಪನಿಯವನು ಕಾಫಿಗೆ ಎದ್ದು ಹೋದದ್ದು ನೋಡಿ ಮೆಲ್ಲಗೆ ಹೇಳಿದರು.

“ಟನಲ್ ಸುಳ್ಳು ಹೇಳುದಿಲ್ಲ ಮಾರಾಯ್ತಿ. ನಿನ್ನ ಸೆಟ್ಟಿಂಗ್ಸ್ ಸ್ವಲ್ಪ ಚೇಂಜ್ ಮಾಡು, ನಂಬರ್ ಮ್ಯಾಚ್ ಆಗ್ತದೆ.”

“ಉತ್ತರ ನೋಡ್ಕೊಂಡು ಲೆಕ್ಕ ಮಾಡೋಕಾಗಲ್ಲ ಸರ್. ಆಯಿಲ್ ಹಚ್ಚಿ ನೋಡೋಣ.”

ಅವರ ಮುಖ ಬಿಗಿಯಿತು. ಆದರೂ ಒಪ್ಪಿದರು. ರೆಕ್ಕೆಗೆ ಬಣ್ಣದ ಎಣ್ಣೆ ಬಳಿದು ಗಾಳಿ ಬಿಟ್ಟರೆ, ಹರಿವು ಎಲ್ಲಿ ನಯ, ಎಲ್ಲಿ ಕಲಕಿದೆ ಎಂಬುದು ಎಣ್ಣೆಯಲ್ಲಿ ಕಾಣುತ್ತದೆ. ಫ್ಯಾನಿನ ಸದ್ದು ಏರಿತು. ಕಂಪನಿಯವನು ವಾಪಸ್ ಬಂದು ನಮ್ಮ ಬೆನ್ನ ಹಿಂದೆ ನಿಂತ.

ಎರಡೂ ರೆಕ್ಕೆಗಳ ಮುಂದಿನ ಅಂಚಿನಿಂದ ಬೀಸಣಿಗೆಯ ಹಾಗೆ ಅಗಲವಾಗುತ್ತ ಹೋದ, ಕಲಕಿದ ಗಾಳಿಯ ಪಟ್ಟೆಗಳು ಮೂಡಿದವು. ಒಂದೊಂದು ರೆಕ್ಕೆಗೆ ಮೂರು, ಸಮ ಅಂತರದಲ್ಲಿ. ಹೊಸ್ತಿಲಿಗೆ ಅಮ್ಮ ಅರಿಶಿನ ಕುಂಕುಮ ಇಡುತ್ತಿದ್ದುದೂ ಹೀಗೆಯೇ.

ಗಾಳಿ ನಿಲ್ಲಿಸಿ, ಒಳಗೆ ಹೋಗಿ ಪಟ್ಟೆ ಶುರುವಾಗುವಲ್ಲಿ ಬೆರಳಾಡಿಸಿದೆ. ಒಣಗಿದ ಗಂಧ. ಬಿಳಿ ಬಣ್ಣದ ಮೇಲೆ ಕಣ್ಣಿಗೆ ಬೀಳದು, ಬೆರಳಿಗೆ ಮಾತ್ರ ತರಿತರಿ. ನಯವಾದ ಗಾಳಿ ಕಲಕಿ ಡ್ರ್ಯಾಗ್ ಏರಲು ಅಷ್ಟು ತರಿ ಸಾಕು. ಮಾದರಿ ಸಿಡ್ನಿ ಬಿಟ್ಟದ್ದು ಆಯುಧಪೂಜೆಯ ದಿನ. ಇಂಡಿಯನ್ ಅಂಗಡಿಗಳಿರುವ ಪೆಂಡಲ್ ಹಿಲ್‌ನಿಂದ ಹೂವು ತಂದು ನಮ್ಮ ಕಂಪ್ಯೂಟರ್‌ಗಳಿಗೂ ಇಟ್ಟವರು ನನ್ನ ಬಾಸ್. ರೆಕ್ಕೆಯ ಕುಂಕುಮವನ್ನೇನೋ ಒರೆಸಿದ್ದರು, ಅದರಡಿಯ ಗಂಧ ಹಾಗೇ ಉಳಿದಿತ್ತು.

ಸಿಟ್ಟು ನೆತ್ತಿಗೇರಿತು. ಅದೇನೆಂದು ಕಂಪನಿಯವನು ಕೇಳಿದ. ಕೊಳೆ ಅಂದುಬಿಟ್ಟಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಬಾಸ್ ಇಂಗ್ಲಿಷಿನಲ್ಲಿ, ಇದನ್ನು ಹಚ್ಚಿದ್ದು ತಾವೇ, ಲೆಕ್ಕ ಹಾಕಿದವಳ ತಪ್ಪೇನೂ ಇಲ್ಲ ಎಂದರು. ಅವನು ನಗಲಿಲ್ಲ. ಒರೆಸಿ ಮತ್ತೆ ಗಾಳಿ ಬಿಡಿ ಎಂದಷ್ಟೇ ಹೇಳಿದ.

ಒರೆಸಿದೆವು. ಈ ಸಲ ಡ್ರ್ಯಾಗ್ ಇಳಿದು ನನ್ನ ಲೆಕ್ಕದ ಪಕ್ಕದಲ್ಲೇ ಬಂದು ನಿಂತಿತು.

ಏರ್‌ಪೋರ್ಟಿಗೆ ಹೋಗುವಾಗ ಕಾರಿನಲ್ಲಿ ತಡೆಯಲಾಗಲಿಲ್ಲ.

“ಅಲ್ಲಾ ಸರ್, ಹಚ್ಚೋಕೆ ನಿಮಗೆ ಬೇರೆ ಜಾಗ ಸಿಗ್ಲಿಲ್ವಾ?”

ಅವರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

“ನಿನ್ನ ಲೆಕ್ಕ ಸರಿ ಬರ್ಲಿ ಅಂತಲೇ ಹಚ್ಚಿದ್ದು ಮಾರಾಯ್ತಿ.”